ಟಿಷಿಯನ್ ಆರಿಸಿಕೊಂಡ ಬಟ್ಟೆ



ಪ್ರಥಮ ಪಿಯುಸಿ ಇತಿಹಾಸ ತರಗತಿಯಲ್ಲಿ ಯುರೋಪಿನ ಪುನರುಜ್ಜೀವನದ ಮಾತು ಬಂದಾಗ ಲಿಯೊನಾರ್ಡೊ, ಮೈಕೆಲೆಂಜೆಲೊ, ರಾಫೆಲ್ ಈ ಮೂವರೇ ಇಡೀ ಪೀರಿಯಡ್ಡನ್ನು ತಿಂದುಬಿಡುತ್ತಾರೆ. ಟಿಷಿಯನ್‌ನ ಸರದಿ ಬರುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ವೆನಿಸ್ ನಗರದ ಚಿತ್ರಕಾರ, ಬಣ್ಣಗಳಿಗೆ ಹೆಸರಾದವನು ಎಂಬ ಒಂದು ಸಾಲು ನೋಟ್ ಬುಕ್ಕಿಗೆ ಇಳಿಯುತ್ತದೆ, ಅಷ್ಟೆ. ನಮ್ಮ ಈ ವಾರ್ತಾಪತ್ರಿಕೆಗೆ ಗಂಟೆಯ ಕಾಟ ಇಲ್ಲವಾದ್ದರಿಂದ ಅವನ ಕಥೆಯನ್ನು ಇಲ್ಲಿ ಹೇಳುತ್ತೇನೆ. ಎಲ್ಲರೂ ಹೇಳುವಂತೆ ಬಣ್ಣದಿಂದ ಶುರುಮಾಡುವುದಿಲ್ಲ, ಬಣ್ಣದ ಕೆಳಗಿರುವ ಬಟ್ಟೆಯಿಂದ ಶುರುಮಾಡುತ್ತೇನೆ. ನಾನು ಟೈಲರ್ ಒಬ್ಬರ ಮಗ. ಗಿರಾಕಿ ಬಟ್ಟೆ ತಂದುಕೊಟ್ಟರೆ ಅಬ್ಬಾ ಮೊದಲು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ, ಆಮೇಲಷ್ಟೇ ಅಳತೆ ಟೇಪಿಗೆ ಕೈ ಹಾಕುತ್ತಿದ್ದರು. ಹಾಗಾಗಿ ಟಿಷಿಯನ್‌ನ ಬಗ್ಗೆ ಓದುವಾಗ ಇವನು ಯಾವ ಬಟ್ಟೆಯ ಮೇಲೆ ಬರೆದ, ಏಕೆ ಅದನ್ನೇ ಆರಿಸಿದ ಎಂಬುದೇ ನನಗೆ ಮೊದಲು ಕಾಡಿದ ಪ್ರಶ್ನೆ.

ಅವನ ಪೂರ್ಣ ಹೆಸರು ತಿತ್ಸಿಯಾನೊ ವೆಚೆಲ್ಲಿಯೊ. ಹುಟ್ಟಿದ್ದು ಇಟಲಿಯ ಉತ್ತರಕ್ಕೆ, ಆಲ್ಪ್ಸ್ ಪರ್ವತ ಶ್ರೇಣಿಗೆ ಸೇರಿದ ಪಿಯೆವೆ ದಿ ಕಾದೊರೆ ಎಂಬ ಸಣ್ಣ ಊರಿನಲ್ಲಿ. ಇಸವಿ 1488 ರಿಂದ 1490 ರ ಆಸುಪಾಸು ಎಂದು ಇಂದಿನ ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಮುದುಕನಾದ ಮೇಲೆ ಅವನೇ ಸ್ಪೇನಿನ ದೊರೆಗೆ ಬರೆದ ಪತ್ರವೊಂದರಲ್ಲಿ ತನ್ನ ವಯಸ್ಸನ್ನು 95 ಎಂದು ಹೇಳಿಕೊಂಡಿದ್ದಾನೆ. ಬರಬೇಕಾದ ಹಣ ಕೇಳುವ ಪತ್ರ ಅದು, ಆದ್ದರಿಂದ ವಯಸ್ಸು ಸ್ವಲ್ಪ ಏರಿದ್ದರೆ ಆಶ್ಚರ್ಯವಿಲ್ಲ. ಕಾದೊರೆ ಮರದ ಸೀಮೆ. ಅಲ್ಲಿಯ ಕಾಡಿನ ದಿಮ್ಮಿಗಳು ಪಿಯಾವೆ ನದಿಯಲ್ಲಿ ತೇಲಿಕೊಂಡು ವೆನಿಸ್‌ಗೆ ಬರುತ್ತಿದ್ದವು. ಹಡಗು ಕಟ್ಟಲು, ನೀರಿನಲ್ಲಿ ಅಡಿಪಾಯದ ಗೂಟ ಇಳಿಸಲು ಆ ನಗರಕ್ಕೆ ಮರ ಬೇಕೇ ಬೇಕಿತ್ತು. ಟಿಷಿಯನ್‌ನ ಮನೆತನಕ್ಕೂ ಮರದ ವ್ಯಾಪಾರದ ನಂಟಿತ್ತು, ಅವನೂ ದೊಡ್ಡವನಾದ ಮೇಲೆ ಅದನ್ನು ಬಿಡಲಿಲ್ಲ. ಇಂಥ ಮರದ ಊರಿನವನು ಹಲಗೆಯನ್ನು ಬದಿಗಿಟ್ಟು ಬಟ್ಟೆಯನ್ನು ಹಿಡಿದ ಎಂಬುದು ನನಗೆ ಬಹಳ ಸ್ವಾರಸ್ಯವಾಗಿ ಕಾಣುತ್ತದೆ.

ಒಂಬತ್ತು ಹತ್ತು ವರ್ಷದ ಹುಡುಗನಾಗಿದ್ದಾಗ ಅವನನ್ನು ಕೆಲಸ ಕಲಿಯಲು ವೆನಿಸ್‌ಗೆ ಕಳಿಸಿದರು. ಮೊದಲು ಮೊಸಾಯಿಕ್ ಕೆಲಸದ ಜುಕ್ಕಾತೊ ಎಂಬವನ ಬಳಿ, ನಂತರ ಜೆಂತಿಲೆ ಬೆಲ್ಲಿನಿ, ಆಮೇಲೆ ಅವನ ತಮ್ಮ ಜೊವಾನ್ನಿ ಬೆಲ್ಲಿನಿಯ ಬಳಿ ಇದ್ದ. ಈ ಜೆಂತಿಲೆ ಬೆಲ್ಲಿನಿಯ ಹೆಸರನ್ನು ನೀವು ನೆನಪಿಡಬೇಕು. 1479 ರಲ್ಲಿ ವೆನಿಸ್ ಮತ್ತು ಉಸ್ಮಾನಿಯಾ ಸಾಮ್ರಾಜ್ಯದ ನಡುವೆ ಸಂಧಿಯಾದಾಗ ಸುಲ್ತಾನ್ ಎರಡನೆಯ ಮುಹಮ್ಮದ್, ಅಂದರೆ ಇಸ್ತಾಂಬುಲ್ ಗೆದ್ದ ಫಾತಿಹ್, ಒಬ್ಬ ಒಳ್ಳೆಯ ಚಿತ್ರಕಾರನನ್ನು ಕಳಿಸಿಕೊಡುವಂತೆ ಕೇಳಿದ. ವೆನಿಸ್ ಸರಕಾರ ಕಳಿಸಿದ್ದು ಜೆಂತಿಲೆಯನ್ನು. 1480 ರ ನವೆಂಬರ್ 25 ರ ತಾರೀಖು ಹೊತ್ತ ಸುಲ್ತಾನನ ಭಾವಚಿತ್ರ ಇಂದಿಗೂ ಲಂಡನ್‌ನ ನ್ಯಾಷನಲ್ ಗ್ಯಾಲರಿಗೆ ಸೇರಿದ್ದು. ಇಂಥ ಗುರುವಿನ ಕೈಕೆಳಗೆ ಟಿಷಿಯನ್ ಬಹಳ ದಿನ ನಿಲ್ಲಲಿಲ್ಲ. ಹುಡುಗನ ಕೈ ಜೋರು, ಗುರುವಿನದು ನಿಧಾನ ಮತ್ತು ಒಣ ಶೈಲಿ ಎಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. ತಮ್ಮ ಜೊವಾನ್ನಿಯ ಬಳಿಯೇ ಎಣ್ಣೆಬಣ್ಣದ ಮೃದುತನ ಅವನಿಗೆ ದಕ್ಕಿದ್ದು.

ಈಗ ವೆನಿಸ್ ನಗರದ ಹವೆಯ ಬಗ್ಗೆ ಸ್ವಲ್ಪ ಹೇಳಬೇಕು. ಇಟಲಿಯ ಬೇರೆ ಊರುಗಳಲ್ಲಿ ಹಸಿ ಗಾರೆಯ ಮೇಲೆ ಭಿತ್ತಿಚಿತ್ರ ಬರೆಯುವುದು ರೂಢಿ. ಸಮುದ್ರದೊಳಗೇ ಕೂತ ವೆನಿಸ್‌ನಲ್ಲಿ ಅದು ಉಳಿಯುವುದಿಲ್ಲ. ಉಪ್ಪಿನ ಗಾಳಿಗೆ ಗಾರೆ ಉಬ್ಬಿ ಉದುರುತ್ತದೆ. ನಮ್ಮ ಕರಾವಳಿಯಲ್ಲಿ ಮನೆ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಮಾರು 1508 ರಲ್ಲಿ ಟಿಷಿಯನ್ ತನ್ನ ಹಿರಿಯ ಗೆಳೆಯ ಜೊರ್ಜೊನೆಯ ಜೊತೆ ಜರ್ಮನ್ ವರ್ತಕರ ವಸತಿ ಮಳಿಗೆಯ ಹೊರಗೋಡೆಗಳಿಗೆ ಚಿತ್ರ ಬರೆದ. ಆ ಕಟ್ಟಡದ ಹೆಸರು ಫೊಂದಾಕೊ. ಅರಬ್ಬಿಯ ಫುಂದುಕ್, ಅಂದರೆ ವರ್ತಕರ ಛತ್ರ ಎಂಬ ಶಬ್ದವೇ ವ್ಯಾಪಾರದ ಜೊತೆ ಹೋಗಿ ಅಲ್ಲಿ ಫೊಂದಾಕೊ ಆಗಿದೆ. ಆ ಗೋಡೆಚಿತ್ರಗಳಲ್ಲಿ ಇಂದು ಉಳಿದಿರುವುದು ಮಾಸಿದ ಕೆಲವು ತುಂಡುಗಳು ಮಾತ್ರ. ಯೌವನದ ದೊಡ್ಡ ಕೆಲಸವೊಂದು ಕಣ್ಣೆದುರೇ ಸವೆಯುವುದನ್ನು ಕಂಡವನಿಗೆ ಯಾವುದರ ಮೇಲೆ ಬರೆಯಬೇಕು ಎಂಬುದು ಸಣ್ಣ ಪ್ರಶ್ನೆಯಾಗಿರಲಾರದು.

ಗೋಡೆ ಬೇಡವೆಂದರೆ ಹಲಗೆ. ಟಿಷಿಯನ್ ಹಲಗೆಯ ಮೇಲೂ ಬರೆದಿದ್ದಾನೆ. 1516 ರಿಂದ 1518 ರ ನಡುವೆ ಫ್ರಾರಿ ಚರ್ಚಿಗೆ ಬರೆದ, ಹತ್ತಿರ ಹತ್ತಿರ 7 ಮೀಟರ್ ಎತ್ತರದ ಚಿತ್ರ ಮರದ ಮೇಲಿದೆ. ಆದರೆ ಹಲಗೆ ಭಾರ. ತೇವಕ್ಕೆ ಬಾಗುತ್ತದೆ, ಒಣಗಿದರೆ ಸೀಳುತ್ತದೆ, ಹುಳು ಹಿಡಿಯುತ್ತದೆ. ದೂರದ ಅರಮನೆಗೆ ಸಾಗಿಸುವುದು ಇನ್ನೂ ಕಷ್ಟ. ಬಟ್ಟೆಯಾದರೋ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಹೇಸರಗತ್ತೆಯ ಬೆನ್ನ ಮೇಲೂ ಕಳಿಸಬಹುದು. ವೆನಿಸ್‌ನಲ್ಲಿ ಬಟ್ಟೆಗೆ ಬರವಿರಲಿಲ್ಲ. ಹಡಗು ಕಟ್ಟುವ ಸರಕಾರಿ ಕಾರ್ಖಾನೆ ಆರ್ಸೆನಾಲೆಗಾಗಿ ಹಾಯಿಬಟ್ಟೆ ನೇಯುವ ಕೆಲಸ ಸದಾ ನಡೆದೇ ಇತ್ತು. ಈ ಆರ್ಸೆನಾಲೆ ಎಂಬ ಹೆಸರಿನ ಮೂಲವೂ ಕಾರ್ಯಾಗಾರ ಎಂಬ ಅರ್ಥದ ಅರಬ್ಬಿ ಶಬ್ದವೇ. ಬಿರುಗಾಳಿಯನ್ನು ತಡೆಯುವ ಬಟ್ಟೆ ನೇಯಬಲ್ಲ ಊರಿನಲ್ಲಿ ಚಿತ್ರಕಾರನಿಗೆ ಗಟ್ಟಿ ಕ್ಯಾನ್ವಾಸ್ ಸಿಗುವುದು ಸಹಜ. ಟಿಷಿಯನ್‌ಗಿಂತ ಮುಂಚೆಯೇ, 1474 ರಿಂದ, ಅವನ ಗುರುಗಳಾದ ಬೆಲ್ಲಿನಿ ಸಹೋದರರು ದೋಜೆಯ ಅರಮನೆಯ ಹಾಳಾದ ಗೋಡೆಚಿತ್ರಗಳ ಜಾಗಕ್ಕೆ ಕ್ಯಾನ್ವಾಸ್ ಚಿತ್ರಗಳನ್ನು ಬರೆಯಲು ಶುರುಮಾಡಿದ್ದರು.

ಆ ಬಟ್ಟೆ ಯಾವುದು? ಬಹುಮಟ್ಟಿಗೆ ಲಿನನ್, ಕೆಲವೊಮ್ಮೆ ನಮ್ಮ ಸೆಣಬಿನ ಹಾಗಿರುವ ಹೆಂಪ್ ಗಿಡದ ನಾರು. ಹಳೆಯ ಬಟ್ಟೆಯಲ್ಲಿ ಇವೆರಡನ್ನು ಬೇರೆಮಾಡಿ ಗುರುತಿಸುವುದು ಸೂಕ್ಷ್ಮದರ್ಶಕ ಇಟ್ಟರೂ ಸುಲಭವಲ್ಲ. ಲಿನನ್ ಎಂದರೆ ದುಬಾರಿ ಶರ್ಟು ಎಂದಷ್ಟೇ ನಿಮ್ಮಲ್ಲಿ ಹಲವರು ತಿಳಿದಿರಬಹುದು. ಅದು ಅಗಸೆ ಗಿಡದ ಕಾಂಡದ ನಾರು. ಹೌದು, ಉತ್ತರ ಕರ್ನಾಟಕದ ರೊಟ್ಟಿಯ ಪಕ್ಕದಲ್ಲಿ ಬರುವ ಅಗಸಿ ಚಟ್ನಿಯ ಅದೇ ಅಗಸೆ. ನಾವು ಬೀಜಕ್ಕಾಗಿ ಬೆಳೆಯುತ್ತೇವೆ, ಯುರೋಪಿನವರು ನಾರಿಗಾಗಿಯೂ ಬೆಳೆಯುತ್ತಿದ್ದರು, ನೈಲ್ ನದಿಯ ದಡದಲ್ಲಂತೂ ಸಾವಿರಾರು ವರ್ಷಗಳಿಂದ ಬೆಳೆದಿದ್ದಾರೆ. ಎಣ್ಣೆಬಣ್ಣ ಕಲಸುವ ಎಣ್ಣೆಯೂ ಅಗಸೆ ಬೀಜದ್ದೇ, ಕೆಲವು ಬಣ್ಣಗಳಿಗೆ ಅಕ್ರೋಟಿನ ಎಣ್ಣೆ. ಅಂದರೆ ಚಿತ್ರದ ಬಟ್ಟೆ ಗಿಡದ ಕಾಂಡದಿಂದ, ಬಣ್ಣ ಹಿಡಿದಿಡುವ ಎಣ್ಣೆ ಅದೇ ಗಿಡದ ಬೀಜದಿಂದ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಿ: ಈ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿ ಪೊರೆಯಾಗುತ್ತದೆ.

ಹತ್ತಿ ಏಕಾಗಬಾರದು? ಹತ್ತಿಯ ಎಳೆ ಗಿಡ್ಡ, ಎಳೆದರೆ ಹಿಗ್ಗುತ್ತದೆ. ಅಗಸೆಯ ನಾರು ಉದ್ದ, ಬಿಗಿ, ಚೌಕಟ್ಟಿಗೆ ಎಳೆದು ಮೊಳೆ ಹೊಡೆದರೆ ಬಹುಕಾಲ ಹಾಗೇ ನಿಲ್ಲುತ್ತದೆ. ಎಣ್ಣೆಬಣ್ಣ ವರ್ಷಗಳು ಕಳೆದಂತೆ ಗಡುಸಾಗುತ್ತದೆ, ಕೆಳಗಿನ ಬಟ್ಟೆ ಸಡಿಲಬಿದ್ದು ಅಲುಗಾಡಿದರೆ ಮೇಲಿನ ಬಣ್ಣ ಬಿರಿಯುತ್ತದೆ. ಆದರೆ ಲಿನನ್‌ಗೂ ಒಂದು ಶತ್ರು ಇದೆ, ಅದು ತನ್ನದೇ ಬೀಜದ ಎಣ್ಣೆ. ಎಣ್ಣೆ ನೇರವಾಗಿ ನಾರಿಗೆ ಇಳಿದರೆ ನಾರು ಕಂದುಬಣ್ಣಕ್ಕೆ ತಿರುಗಿ ಕಾಲಕ್ರಮದಲ್ಲಿ ಪುಡಿಯಾಗುತ್ತದೆ. ಅದಕ್ಕೇ ಮೊದಲು ಪ್ರಾಣಿಚರ್ಮ ಕುದಿಸಿ ತೆಗೆದ ತೆಳು ಅಂಟನ್ನು ಬಟ್ಟೆಗೆ ಬಳಿಯುತ್ತಿದ್ದರು. ಅದರ ಮೇಲೆ ಜಿಪ್ಸಮ್ ಪುಡಿ ಮತ್ತು ಅಂಟಿನ ತೆಳುವಾದ ಪದರ. ಹಲಗೆಗೆ ಬಳಿದಷ್ಟು ದಪ್ಪ ಬಳಿದರೆ ಸುರುಳಿ ಸುತ್ತುವಾಗ ಸೀಳುತ್ತದೆ. ಆ ಕಾಲದ ಚರಿತ್ರಕಾರ ವಸಾರಿ, ಸುತ್ತಿ ಸಾಗಿಸಬೇಕಾದ ಕ್ಯಾನ್ವಾಸಿಗೆ ಜಿಪ್ಸಮ್ ಬಿಟ್ಟು ಹಿಟ್ಟು, ಅಕ್ರೋಟಿನ ಎಣ್ಣೆ ಮತ್ತು ಸೀಸದ ಬಿಳಿಯ ಮುದ್ದೆಯನ್ನು ತೀಡಬೇಕೆಂದು ಬರೆದಿಟ್ಟಿದ್ದಾನೆ. ಇದು ಬಣ್ಣದ ಅಂಗಡಿಯವರ ಪ್ರೈಮರ್‌ನ ಅಜ್ಜ ಎನ್ನಬಹುದು.

ಇನ್ನು ನೇಯ್ಗೆ. ಇಲ್ಲಿ ಟಿಷಿಯನ್ ತನ್ನ ಸರೀಕರನ್ನೆಲ್ಲ ಮೀರಿಸುತ್ತಾನೆ. ಸಾದಾ ನೇಯ್ಗೆ ನಿಮಗೆ ಗೊತ್ತು: ಹೊಕ್ಕಿನ ಎಳೆ ಹಾಸಿನ ಒಂದು ಎಳೆಯ ಮೇಲೆ, ಒಂದರ ಕೆಳಗೆ ಹೋಗುತ್ತದೆ. ಮೈ ಸಮತಟ್ಟು. ಹೊಕ್ಕು ಎರಡು ಎಳೆಗಳ ಮೇಲೆ ಹಾರಿ, ಪ್ರತಿ ಸಾಲಿನಲ್ಲೂ ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬಟ್ಟೆಯ ಮೈಮೇಲೆ ಓರೆಗೆರೆ ಮೂಡುತ್ತದೆ. ಅದು ಟ್ವಿಲ್. ನಂಬಿಕೆ ಬಾರದಿದ್ದರೆ ನಿಮ್ಮ ಜೀನ್ಸ್ ಪ್ಯಾಂಟಿನ ಮೊಣಕಾಲನ್ನು ಹತ್ತಿರದಿಂದ ನೋಡಿ. ಆ ಓರೆಗೆರೆಯನ್ನೇ ಸ್ವಲ್ಪ ದೂರ ಬಲಕ್ಕೆ, ಸ್ವಲ್ಪ ದೂರ ಎಡಕ್ಕೆ ತಿರುಗಿಸುತ್ತ ಹೋದರೆ ಮೀನಿನ ಮುಳ್ಳಿನ ಆಕಾರ ಬರುತ್ತದೆ, ಟೈಲರ್‌ಗಳು ಹೆರಿಂಗ್‌ಬೋನ್ ಎನ್ನುವುದು ಇದನ್ನೇ. ಟಿಷಿಯನ್ ಮೂರನ್ನೂ ಬಳಸಿದ.

ಆರಂಭದ ಚಿತ್ರಗಳಲ್ಲಿ ಅವನು ಹೆಚ್ಚಾಗಿ ಹಿಡಿದದ್ದು ಸಣ್ಣ ಎಳೆಯ ಸಾದಾ ನೇಯ್ಗೆಯನ್ನು. ಸುಮಾರು 1510 ರಲ್ಲಿ ಬರೆದ, ನೀಲಿ ರೇಷ್ಮೆಯ ದೊಡ್ಡ ತೋಳನ್ನು ಮುಂದಕ್ಕೆ ಚಾಚಿ ಕೂತ ಯುವಕನ ಚಿತ್ರ ಲಂಡನ್‌ನಲ್ಲಿದೆ. ಸುಮಾರು 1520 ರ, ಒಂದು ಕೈಗೆ ಮಾತ್ರ ಗವಸು ತೊಟ್ಟ ಯುವಕನ ಚಿತ್ರ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಎರಡನೆಯದರಲ್ಲಿ ಆ ಹುಡುಗನ ವಯಸ್ಸು ನಿಮ್ಮಷ್ಟೇ ಇರಬೇಕು. ಕೆನ್ನೆಯ ಮೇಲೆ ಬೆಳಕು ನೆರಳಾಗಿ ಕರಗುವುದು ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು. ಎಳೆಯ ಮುಖದ ಇಂಥ ನುಣುಪಿಗೆ ಉಬ್ಬುತಗ್ಗಿಲ್ಲದ ಬಟ್ಟೆ ಬೇಕು. ಒರಟು ಬಟ್ಟೆಯ ಮೇಲೆ ಕುಂಚ ಎಳೆದರೆ ಬಣ್ಣ ಉಬ್ಬಿದ ಎಳೆಗಳಿಗಷ್ಟೇ ಹತ್ತುತ್ತದೆ, ಕುಳಿಗಳಲ್ಲಿ ಕೆಳಗಿನ ಕತ್ತಲೆ ಹಾಗೇ ಉಳಿಯುತ್ತದೆ. ಹದಿಹರೆಯದ ಮುಖಕ್ಕೆ ಅದು ಹೊಂದುವುದಿಲ್ಲ. ಆದರೆ ಅದೇ ದೋಷ ಮುಂದೆ ಅವನ ಕೈಯಲ್ಲಿ ಏನಾಯಿತು ಎಂಬುದು ಬೇರೆಯೇ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

1516 ರಲ್ಲಿ ಗುರು ಜೊವಾನ್ನಿ ತೀರಿಕೊಂಡ ಮೇಲೆ ವೆನಿಸ್‌ನಲ್ಲಿ ಟಿಷಿಯನ್‌ಗೆ ಎದುರಿಲ್ಲವಾಯಿತು. ಮದುವೆಯಾದ, ಮಕ್ಕಳಾದರು, 1530 ರಲ್ಲಿ ಹೆಂಡತಿ ಚೆಚಿಲಿಯಾ ತೀರಿಕೊಂಡಳು. ಮರುವರ್ಷ ಊರಿನ ಉತ್ತರದ ಅಂಚಿಗೆ, ಸಮುದ್ರದ ಆಚೆಗೆ ತನ್ನ ಹುಟ್ಟೂರಿನ ಬೆಟ್ಟಗಳ ದಿಕ್ಕನ್ನು ನೋಡುವ ಮನೆಗೆ ಹೋದ. ಅಷ್ಟರಲ್ಲಿ ಅವನ ಭಾವಚಿತ್ರಗಳಿಗೆ ಅರಮನೆಗಳಿಂದ ಬೇಡಿಕೆ ಬರತೊಡಗಿತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ 1533 ರಲ್ಲಿ ಅವನಿಗೆ ಸರದಾರನ ಪದವಿ ಕೊಟ್ಟ. ಚಿತ್ರಕಾರನೆಂದರೆ ಬಡಗಿ, ಕಮ್ಮಾರರ ಸಾಲಿನವನೆಂದು ನೋಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಅವನ ಕೈಯಿಂದ ಬಿದ್ದ ಕುಂಚವನ್ನು ಚಕ್ರವರ್ತಿಯೇ ಬಗ್ಗಿ ಎತ್ತಿಕೊಟ್ಟನೆಂಬ ಕಥೆಯೂ ಇದೆ. ಅದನ್ನು ಬರೆದದ್ದು ಇಬ್ಬರೂ ಸತ್ತು ಎಷ್ಟೋ ವರ್ಷಗಳಾದ ಮೇಲೆ. ನಾನಂತೂ ಅದನ್ನು ಕಥೆಯಾಗಿಯೇ ಇಟ್ಟುಕೊಂಡಿದ್ದೇನೆ.

ಎಲ್ಲರೂ ಎದುರಿಗೆ ಕೂತೇ ಬರೆಸಿಕೊಂಡವರಲ್ಲ ಎಂಬುದು ತಮಾಷೆ. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್‌ನನ್ನು ಟಿಷಿಯನ್ ಬರೆದದ್ದು ಒಂದು ಪದಕದ ಮೇಲಿನ ಮುಖ ನೋಡಿ. ಉಸ್ಮಾನಿಯಾ ಸುಲ್ತಾನ್ ಸುಲೈಮಾನನ ಭಾವಚಿತ್ರವನ್ನೂ ಬರೆದಿದ್ದನೆಂದು ವಸಾರಿ ದಾಖಲಿಸಿದ್ದಾನೆ, ಆದರೆ ಗುರು ಜೆಂತಿಲೆಯಂತೆ ಇವನು ಇಸ್ತಾಂಬುಲ್‌ಗೆ ಹೋದವನಲ್ಲ. ಮಾಂತುವಾದ ರಾಣಿ ಇಸಬೆಲ್ಲಾ ದ'ಎಸ್ತೆಗೆ ಆಗ ಅರವತ್ತು ದಾಟಿತ್ತು, ಚಿತ್ರದಲ್ಲಿ ಇಪ್ಪತ್ತರ ತರುಣಿ. ಈಗ ಮೊಬೈಲಿನ ಫಿಲ್ಟರ್ ಮಾಡುವ ಕೆಲಸ ಆಗ ಟಿಷಿಯನ್‌ನದು. ಪೋಪ್ ಮೂರನೆಯ ಪೌಲ್‌ನ ಚಿತ್ರಕ್ಕೆ ಮೆರುಗೆಣ್ಣೆ ಹಚ್ಚಿ ಒಣಗಲು ಹೊರಗಿಟ್ಟಾಗ ದಾರಿಹೋಕರು ನಿಜವಾದ ಪೋಪ್ ಕೂತಿದ್ದಾನೆಂದು ತಲೆಬಾಗಿದರಂತೆ. 1545 ರಲ್ಲಿ ರೋಮಿಗೆ ಹೋದಾಗ ಮೈಕೆಲೆಂಜೆಲೊ ಇವನ ಕೆಲಸ ನೋಡಲು ಬಂದ. ಬಣ್ಣವನ್ನು ಮೆಚ್ಚಿದ, ವೆನಿಸ್‌ನವರು ಮೊದಲು ರೇಖೆ ಬರೆಯುವುದನ್ನು ಸರಿಯಾಗಿ ಕಲಿಯಬೇಕಿತ್ತೆಂದು ಹೊರಗೆ ಬಂದು ಕೊಂಕು ಆಡಿದ. ಗೋಡೆಯ ಮೇಲೆ ಬರೆಯುವವನು ಬಟ್ಟೆಯ ಮೇಲೆ ಬರೆಯುವವನನ್ನು ಕಂಡರೆ ಹೀಗೇ ಅನ್ನಿಸುತ್ತದೇನೋ.

1548 ರ ಜನವರಿಯಲ್ಲಿ, ಅರವತ್ತರ ಹತ್ತಿರದ ಟಿಷಿಯನ್ ಹಿಮ ತುಂಬಿದ ಆಲ್ಪ್ಸ್ ದಾಟಿ ಜರ್ಮನಿಯ ಆಗ್ಸ್‌ಬರ್ಗ್ ನಗರಕ್ಕೆ ಹೊರಟ. ಹಿಂದಿನ ವರ್ಷದ ಏಪ್ರಿಲ್ 24 ರಂದು ಮ್ಯೂಲ್‌ಬರ್ಗ್ ಎಂಬಲ್ಲಿ ಚಾರ್ಲ್ಸ್ ತನ್ನ ವಿರೋಧಿ ಜರ್ಮನ್ ಅರಸರನ್ನು ಸೋಲಿಸಿದ್ದ. ಆ ಗೆಲುವಿನ ಚಿತ್ರ ಬೇಕಾಗಿತ್ತು. ಟಿಷಿಯನ್ ಬರೆದದ್ದು ಯುದ್ಧವನ್ನಲ್ಲ, ಸಂಜೆಯ ಆಕಾಶದ ಕೆಳಗೆ ಕುದುರೆಯ ಮೇಲೆ ಒಬ್ಬನೇ ಕೂತ, ಕೈಯಲ್ಲಿ ಭರ್ಜಿ ಹಿಡಿದ, ದಣಿದ ಮುಖದ ಮನುಷ್ಯನನ್ನು. ಶತ್ರು ಇಲ್ಲ, ಹೆಣ ಇಲ್ಲ, ಸೈನ್ಯವೂ ಇಲ್ಲ. ಕೀಲುನೋವಿನಿಂದ ನರಳುತ್ತಿದ್ದ ಚಾರ್ಲ್ಸ್‌ನ ಮುಖವನ್ನು ಅವನು ಮರೆಮಾಚಲಿಲ್ಲ.

ಆ ಚಿತ್ರದ ಅಳತೆ 335 ಸೆಂಟಿಮೀಟರ್ ಎತ್ತರ, 283 ಸೆಂಟಿಮೀಟರ್ ಅಗಲ. ನಮ್ಮ ತರಗತಿಯ ಬಾಗಿಲಿನೊಳಗೆ ಅದು ನೆಟ್ಟಗೆ ನುಗ್ಗಲಾರದು. ಆಗಿನ ಮಗ್ಗದಲ್ಲಿ ಬಟ್ಟೆಯ ಪನ್ನ ಸುಮಾರು ಒಂದು ಮೀಟರ್ ಮಾತ್ರ, ನೇಯುವವನ ಕೈಗಳು ಎಷ್ಟು ಚಾಚುತ್ತವೋ ಅಷ್ಟು. ಆದ್ದರಿಂದ ಇಷ್ಟು ದೊಡ್ಡ ಚಿತ್ರಕ್ಕೆ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿಯಲೇಬೇಕು. ಹೊಲಿಗೆ ಎಲ್ಲಿ ಬರುತ್ತದೆ ಎಂಬುದನ್ನು ಭಾವಚಿತ್ರಕಾರ ಮೊದಲೇ ಯೋಚಿಸಬೇಕಾಗುತ್ತದೆ, ಏಕೆಂದರೆ ಮುಖದ ಮೇಲೆ ಹೊಲಿಗೆ ಹಾಯ್ದರೆ ನೂರು ವರ್ಷಕ್ಕೆ ಅದು ಗೆರೆಯಾಗಿ ಮೇಲೇಳುತ್ತದೆ. ಶೇರ್ವಾನಿ ಕತ್ತರಿಸುವ ಮುಂಚೆ ಜೋಡಣೆ ಎದೆಯ ನಡುವೆ ಬಾರದ ಹಾಗೆ ಅಬ್ಬಾ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದದ್ದು ನನಗೆ ನೆನಪಾಗುತ್ತದೆ. ಚಿತ್ರ ಮುಗಿದ ಮೇಲೆ ಒಣಗಲು ಹೊರಗೆ ನಿಲ್ಲಿಸಿದ್ದರು. ಗಾಳಿಗೆ ಉರುಳಿ ಬಿದ್ದು ಪೆಟ್ಟಾಯಿತು. ಅಲ್ಲಿಯ ಚಿತ್ರಕಾರ ಕ್ರಿಸ್ಟೋಫ್ ಆಂಬರ್ಗರ್‌ನ ಕೈಯಲ್ಲಿ ಅದನ್ನು ಸರಿಮಾಡಿಸಿದರು. ಹಾಯಿಬಟ್ಟೆಯ ಊರಿನಿಂದ ಬಂದವನ ಚಿತ್ರವನ್ನು ಗಾಳಿಯೇ ಕೆಡವಿತು ನೋಡಿ.

ಚಾರ್ಲ್ಸ್‌ನ ಹೆಂಡತಿ ಇಸಬೆಲ್ಲಾ 1539 ರಲ್ಲೇ ತೀರಿಕೊಂಡಿದ್ದಳು. ಟಿಷಿಯನ್ ಅವಳನ್ನು ಕಂಡವನೇ ಅಲ್ಲ. ಇನ್ನೊಬ್ಬರು ಬರೆದ ಚಿತ್ರ ನೋಡಿಕೊಂಡು ಅವಳ ಭಾವಚಿತ್ರ ಬರೆದುಕೊಟ್ಟ. ಚಾರ್ಲ್ಸ್ ಪಟ್ಟ ತೊರೆದು ಯೂಸ್ತೆ ಎಂಬಲ್ಲಿಯ ಮಠಕ್ಕೆ ಹೋದಾಗ ಜೊತೆಗೆ ಒಯ್ದ ಕೆಲವೇ ವಸ್ತುಗಳಲ್ಲಿ ಟಿಷಿಯನ್ ಬರೆದ ಹೆಂಡತಿಯ ಚಿತ್ರವೂ ಇತ್ತು. ಅರ್ಧ ಯುರೋಪನ್ನು ಆಳಿದವನು ಕೊನೆಗೆ ಸುತ್ತಿ ಕಟ್ಟಿಕೊಂಡು ಹೋದದ್ದು ಒಂದು ತುಂಡು ಬಟ್ಟೆ.

ಮಗ ಫಿಲಿಪ್‌ನ ಜೊತೆಗಿನ ಸಂಬಂಧ ಅಷ್ಟು ಸಲೀಸಾಗಿ ಶುರುವಾಗಲಿಲ್ಲ. 1551 ರಲ್ಲಿ ತನ್ನ ಚಿತ್ರವನ್ನು ಅತ್ತೆ ಹಂಗೆರಿಯ ಮೇರಿಗೆ ಕಳಿಸುತ್ತ, ಇದರಲ್ಲಿ ಅವಸರ ಎದ್ದು ಕಾಣುತ್ತದೆ, ಸಮಯವಿದ್ದಿದ್ದರೆ ಮತ್ತೆ ಬರೆಸುತ್ತಿದ್ದೆ ಎಂಬ ಅರ್ಥ ಬರುವಂತೆ ಬರೆದ. ಎರಡು ವರ್ಷದ ನಂತರ ಆ ಅತ್ತೆ ಫಿಲಿಪ್‌ನ ಒಂದು ಭಾವಚಿತ್ರವನ್ನು ಅವನ ಭಾವಿ ಪತ್ನಿ ಇಂಗ್ಲೆಂಡಿನ ಮೇರಿ ಟ್ಯೂಡರ್‌ಗೆ ಕಳಿಸಿಕೊಟ್ಟಳು. ಹೆಣ್ಣಿಗೆ ಗಂಡಿನ ಫೋಟೊ ಕಳಿಸಿದ ಹಾಗೆ. ಜೊತೆಗೊಂದು ಸೂಚನೆ: ಪ್ರಯಾಣದಲ್ಲಿ ಸ್ವಲ್ಪ ಕೆಟ್ಟಿದೆ, ಟಿಷಿಯನ್‌ನ ಎಲ್ಲ ಚಿತ್ರಗಳಂತೆ ಇದನ್ನೂ ಸರಿಯಾದ ಬೆಳಕಿನಲ್ಲಿ ದೂರ ನಿಂತು ನೋಡಬೇಕು. ಚಿತ್ರ ನೋಡುವ ಕ್ರಮವನ್ನೇ ಟಿಷಿಯನ್ ಬದಲಿಸಿದ್ದ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಫಿಲಿಪ್ ಕೂಡ ಮುಂದೆ ಅದನ್ನು ಕಲಿತ, ಕಾಲು ಶತಮಾನ ಅವನ ಅತಿದೊಡ್ಡ ಗಿರಾಕಿಯಾದ. ಹಣ ಮಾತ್ರ ಸಮಯಕ್ಕೆ ಬರುತ್ತಿರಲಿಲ್ಲ. ಟಿಷಿಯನ್ ಸ್ಪೇನಿಗೆ ಬರೆದ ಪತ್ರಗಳಲ್ಲಿ ಕಲೆಗಿಂತ ಬಾಕಿಯ ಮಾತೇ ಜಾಸ್ತಿ.

ಈಗ ಆ ಒರಟು ಬಟ್ಟೆಯ ಕಥೆಗೆ ಬರೋಣ. ವಯಸ್ಸು ಏರಿದಂತೆ ಟಿಷಿಯನ್ ಟ್ವಿಲ್, ಹೆರಿಂಗ್‌ಬೋನ್, ದಪ್ಪ ಎಳೆಯ ಬಟ್ಟೆಗಳ ಕಡೆಗೆ ಹೆಚ್ಚು ಹೆಚ್ಚು ವಾಲಿದ. ಲಂಡನ್‌ನಲ್ಲಿರುವ ಆಕ್ಟಿಯಾನ್‌ನ ಸಾವು ಎಂಬ ಕೊನೆಗಾಲದ ದೊಡ್ಡ ಚಿತ್ರ ಒರಟು ಟ್ವಿಲ್ ಮೇಲಿದೆ. ಭಾವಚಿತ್ರದಲ್ಲಿ ನಾನು ಮೊದಲು ಹೇಳಿದ ದೋಷವೇ ಈಗ ಗುಣವಾಯಿತು. ಒಣ ಕುಂಚದಲ್ಲಿ ತಿಳಿಬಣ್ಣ ಎಳೆದರೆ ಓರೆಗೆರೆಯ ಉಬ್ಬುಗಳು ಮಾತ್ರ ಹೊಳೆಯುತ್ತವೆ, ತಗ್ಗುಗಳಲ್ಲಿ ಕಂದು, ಕೆಂಪು ಇಣುಕುತ್ತವೆ. ಹತ್ತಿರದಿಂದ ನೋಡಿದರೆ ಬರೀ ಕಲೆ, ಗೀಚು. ಹತ್ತು ಹೆಜ್ಜೆ ಹಿಂದೆ ಸರಿದರೆ ಗಡ್ಡದ ನರೆ, ವೆಲ್ವೆಟ್‌ನ ಮಿಂಚು, ತುಪ್ಪಳದ ಮೃದು. ಕಣ್ಣು ಬಣ್ಣಗಳನ್ನು ತಾನೇ ಬೆರೆಸಿಕೊಳ್ಳುತ್ತದೆ. ಸುಕ್ಕುಗಟ್ಟಿದ ಚರ್ಮ ಬರೆಯಲು ಒಂದೊಂದೇ ಸುಕ್ಕನ್ನು ಎಳೆಯಬೇಕಾಗಿಲ್ಲ, ಅರ್ಧ ಕೆಲಸವನ್ನು ನೇಕಾರ ಮೊದಲೇ ಮಾಡಿಟ್ಟಿರುತ್ತಾನೆ. 1566 ರಲ್ಲಿ ವೆನಿಸ್‌ಗೆ ಬಂದು ಮುದಿ ಟಿಷಿಯನ್‌ನನ್ನು ಕಂಡ ವಸಾರಿ, ಹಳೆಯ ಚಿತ್ರಗಳನ್ನು ಹತ್ತಿರದಿಂದಲೂ ದೂರದಿಂದಲೂ ನೋಡಬಹುದು, ಹೊಸವನ್ನು ದೂರದಿಂದ ಮಾತ್ರ ಎಂದು ಗುರುತಿಸಿದ. ಸುಲಭವಾಗಿ ಬರೆದಂತೆ ಕಾಣುತ್ತದೆ, ನಿಜಕ್ಕೂ ಅದರ ಹಿಂದೆ ಬಹಳ ದುಡಿಮೆ ಇದೆ, ಅನುಕರಿಸಲು ಹೋದವರು ಕೆಟ್ಟರು ಎಂದೂ ಅವನು ಎಚ್ಚರಿಸಿದ್ದಾನೆ.

ಆ ದುಡಿಮೆಯ ಕ್ರಮವನ್ನು ಅವನ ಕೊನೆಗಾಲದ ಶಿಷ್ಯ ಪಾಲ್ಮ ಹೇಳಿದ್ದು ನಂತರದವರ ಬರಹದಲ್ಲಿ ಉಳಿದಿದೆ. ಮೊದಲು ಬಣ್ಣವನ್ನು ರಾಶಿಯಾಗಿ ಹಚ್ಚಿ ಚಿತ್ರದ ಮೈಕಟ್ಟು ನಿಲ್ಲಿಸುವುದು. ಆಮೇಲೆ ಕ್ಯಾನ್ವಾಸನ್ನು ಗೋಡೆಗೆ ಮುಖಮಾಡಿ ತಿಂಗಳುಗಟ್ಟಲೆ ಇಡುವುದು, ಮತ್ತೆ ತಿರುಗಿಸಿ ಶತ್ರುವನ್ನು ನೋಡುವಂತೆ ತಪ್ಪು ಹುಡುಕುವುದು, ತಿದ್ದುವುದು, ಮತ್ತೆ ಗೋಡೆಗೆ ತಿರುಗಿಸುವುದು. ಕೊನೆಯ ಹಂತದಲ್ಲಿ ಕುಂಚಕ್ಕಿಂತ ಬೆರಳಲ್ಲೇ ಹೆಚ್ಚು ಕೆಲಸ. ಬಟ್ಟೆಯ ಉಬ್ಬು ತಗ್ಗು ಬೆರಳಿಗೆ ಗೊತ್ತಾಗುವಷ್ಟು ಕುಂಚಕ್ಕೆ ಗೊತ್ತಾಗುವುದಿಲ್ಲ, ಇದನ್ನು ಯಾವ ಟೈಲರ್ ಬೇಕಾದರೂ ಒಪ್ಪುತ್ತಾನೆ. ಎಪ್ಪತ್ತು ದಾಟಿದ ಮೇಲೆ ಬರೆದುಕೊಂಡ ಅವನ ಸ್ವಂತ ಚಿತ್ರ ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿದೆ, 86 ಸೆಂಟಿಮೀಟರ್ ಎತ್ತರ, 65 ಅಗಲ. ಕಪ್ಪು ಟೋಪಿ, ಕಪ್ಪು ಬಟ್ಟೆ, ಪಕ್ಕಕ್ಕೆ ತಿರುಗಿದ ಮುಖ, ಕೈಯಲ್ಲೊಂದು ಕುಂಚ. ಕಪ್ಪಿನೊಳಗೆ ಬಹುಪಾಲು ಮುಳುಗಿಹೋಗಿದ್ದಾನೆ, ಮೂಗು, ಗಡ್ಡ, ಕಣ್ಣು ಮಾತ್ರ ಮೇಲಿವೆ.

ಒರಟು ಬಟ್ಟೆ ಅಗ್ಗವಿತ್ತು, ಅದಕ್ಕೇ ತೆಗೆದುಕೊಂಡ ಎಂದು ಯಾರಾದರೂ ಹೇಳಬಹುದು. ಅವನು ಕಾಸಿನ ವಿಷಯದಲ್ಲಿ ಬಿಗಿ ಎಂಬುದೂ ನಿಜ. ಗೆಳೆಯ ಅರೆತೀನೊ ತನ್ನದೇ ಭಾವಚಿತ್ರವನ್ನು ಫ್ಲಾರೆನ್ಸಿನ ಪ್ರಭುವಿಗೆ ಕಳಿಸುವಾಗ, ಇನ್ನಷ್ಟು ಹಣ ಕೊಟ್ಟಿದ್ದರೆ ರೇಷ್ಮೆ ವೆಲ್ವೆಟ್‌ಗಳನ್ನು ಇನ್ನಷ್ಟು ಚೆನ್ನಾಗಿ ಬರೆಯುತ್ತಿದ್ದ ಎಂದು ಚುಚ್ಚಿದ್ದ. ಆದರೆ ದೊರೆಗಳಿಗೆ ಬರೆಯುವವನು, ಅಫ್ಘಾನಿಸ್ತಾನದ ಬದಖ್ಶಾನ್‌ನಿಂದ ಬಂದ ಲಾಜವರ್ದ್ ಕಲ್ಲಿನ ದುಬಾರಿ ನೀಲಿಯನ್ನು ಧಾರಾಳ ಬಳಸಿದವನು, ಬಟ್ಟೆಯಲ್ಲಿ ಮಾತ್ರ ಉಳಿತಾಯ ಮಾಡಿದ ಎಂಬುದು ನನಗೆ ಒಪ್ಪಿಗೆಯಾಗದು. ಹೆರಿಂಗ್‌ಬೋನ್ ನೇಯಲು ಸಾದಾ ಬಟ್ಟೆಗಿಂತ ಹೆಚ್ಚು ಕಷ್ಟ. ಇಂದು ಸಂಗ್ರಹಾಲಯಗಳಲ್ಲಿ ಚಿತ್ರಗಳ ಎಕ್ಸ್‌ರೇ ತೆಗೆಯುತ್ತಾರೆ. ನೇಯ್ಗೆಯ ಸಂದಿಗಳಲ್ಲಿ ಕೂತ ಸೀಸದ ಬಿಳಿ ಕಿರಣಗಳನ್ನು ತಡೆಯುವುದರಿಂದ ಫಿಲ್ಮಿನ ಮೇಲೆ ಬಟ್ಟೆಯ ಅಚ್ಚೇ ಮೂಡುತ್ತದೆ. ಸೆಂಟಿಮೀಟರಿಗೆ ಎಷ್ಟು ಹಾಸು, ಎಷ್ಟು ಹೊಕ್ಕು ಎಂದು ಎಣಿಸಬಹುದು. ಬಣ್ಣದ ಮೇಲಿಂದ ಯಾರಿಗೂ ಕಾಣದ ಆಯ್ಕೆ ಹೀಗೆ ನಾಲ್ಕೂವರೆ ಶತಮಾನದ ನಂತರ ಲೆಕ್ಕಕ್ಕೆ ಸಿಕ್ಕಿದೆ. ಚಿತ್ರಕಲೆಯಲ್ಲಿ ಆಸಕ್ತಿ ಇರುವವರಿಗೆ ಒಂದು ಮಾತು: ಅಂಗಡಿಯಲ್ಲಿ ಸಿಗುವ ಸಿದ್ಧ ಕ್ಯಾನ್ವಾಸ್ ಹೆಚ್ಚಾಗಿ ಹತ್ತಿಯದು, ಕಲಿಯಲು ಅದು ಸಾಕು. ಬಿಳಿ ಬಳಿದ ಮುಂಭಾಗ ನೋಡಿ ಕೊಳ್ಳಬೇಡಿ, ತಿರುಗಿಸಿ ಬೆನ್ನು ನೋಡಿ. ತಿಳಿಕಂದು, ಎಳೆಗಳಲ್ಲಿ ಅಲ್ಲಲ್ಲಿ ಗಂಟು ಇದ್ದರೆ ಲಿನನ್, ಕೆನೆಬಿಳುಪಾಗಿ ಒಂದೇ ಸಮ ಇದ್ದರೆ ಹತ್ತಿ.

1575 ರಿಂದ ವೆನಿಸ್‌ನಲ್ಲಿ ಪ್ಲೇಗ್ ಹಬ್ಬಿತು. ಟಿಷಿಯನ್ ಆಗ ತನ್ನ ಸ್ವಂತ ಸಮಾಧಿಗೆಂದು ಒಂದು ಚಿತ್ರ ಬರೆಯುತ್ತಿದ್ದ. ಮಡಿದ ಏಸುವನ್ನು ತಾಯಿ ಮಡಿಲಲ್ಲಿ ಹಿಡಿದ ದೃಶ್ಯ, ಎದುರಿಗೆ ಮಂಡಿಯೂರಿದ ಮುದುಕನ ಮುಖ ಅವನದೇ ಎನ್ನುತ್ತಾರೆ. ಅದರ ಕ್ಯಾನ್ವಾಸ್ ಒಂದೇ ತಾನಿನಿಂದ ಕತ್ತರಿಸಿದ್ದಲ್ಲ. ನಡುವೆ ಒಂದು ತುಂಡು, ಸುತ್ತ ಬೇರೆ ಬೇರೆ ತುಂಡುಗಳನ್ನು ಸೇರಿಸಿ ಹೊಲಿಯುತ್ತ ಚಿತ್ರವನ್ನು ಬೆಳೆಸಿದ್ದಾನೆ. 1576 ರ ಆಗಸ್ಟ್ 27 ರಂದು ಅವನು ತೀರಿಕೊಂಡ. ಮಗ ಒರಾತ್ಸಿಯೊ ಕೂಡ ಕೆಲವೇ ವಾರಗಳಲ್ಲಿ ಪ್ಲೇಗಿಗೆ ಬಲಿಯಾದ. ಬೀಗ ಹಾಕಿದ ಮನೆಗೆ ಕಳ್ಳರು ನುಗ್ಗಿದರು. ಪ್ಲೇಗಿನ ಕಾಲದಲ್ಲೂ ಅವನನ್ನು ಫ್ರಾರಿ ಚರ್ಚಿನೊಳಗೆ, ಯೌವನದಲ್ಲಿ ತಾನು ಹಲಗೆಯ ಮೇಲೆ ಬರೆದ ಆ ದೊಡ್ಡ ಚಿತ್ರವಿರುವ ಕಡೆಯೇ ಮಣ್ಣು ಮಾಡಿದರು. ತುಂಡುಗಳ ಚಿತ್ರವನ್ನು ಶಿಷ್ಯ ಪಾಲ್ಮ ಮುಗಿಸಿದ, ಈಗ ಅದು ವೆನಿಸ್‌ನ ಅಕಾಡೆಮಿಯಾ ಗ್ಯಾಲರಿಯಲ್ಲಿದೆ.

ಮರುವರ್ಷ, 1577 ರಲ್ಲಿ ದೋಜೆಯ ಅರಮನೆಗೆ ಬೆಂಕಿ ಬಿದ್ದು ಬೆಲ್ಲಿನಿ ಸಹೋದರರ ಕ್ಯಾನ್ವಾಸುಗಳೂ ಟಿಷಿಯನ್ ಅಲ್ಲಿಗೆ ಬರೆದಿದ್ದ ಯುದ್ಧಚಿತ್ರವೂ ಸುಟ್ಟುಹೋದವು. 1734 ರಲ್ಲಿ ಮ್ಯಾಡ್ರಿಡ್‌ನ ಅರಮನೆ ಹೊತ್ತಿಕೊಂಡಾಗ ಮಾತ್ರ ಬಟ್ಟೆಯ ಹಗುರತನ ಕೆಲಸಕ್ಕೆ ಬಂತು. ಎಷ್ಟೋ ಚಿತ್ರಗಳನ್ನು ಚೌಕಟ್ಟಿನಿಂದ ಕತ್ತರಿಸಿ ಕಿಟಕಿಯಿಂದ ಹೊರಗೆ ಹಾಕಿ ಉಳಿಸಿದರು. ಮ್ಯೂಲ್‌ಬರ್ಗ್‌ನ ಚಾರ್ಲ್ಸ್ ಕೆಳಭಾಗದಲ್ಲಿ ಪೆಟ್ಟು ತಿಂದನಾದರೂ ಉಳಿದುಕೊಂಡ. ಈಗ ಪ್ರಾದೊದಲ್ಲಿ ನಿಂತಿದ್ದಾನೆ. ಅವನು ಅಂದು ತೊಟ್ಟಿದ್ದ ಕವಚ ಅದೇ ಊರಿನ ರಾಜರ ಆಯುಧಶಾಲೆಯಲ್ಲಿದೆ, ಒಂದೇ ದಿನದಲ್ಲಿ ಎರಡನ್ನೂ ನೋಡಿ ಬರಬಹುದು.